ಮೂರು ತಿಂಗಳ ಸಕ್ಕರೆ ಲೆಕ್ಕ: ಒಂದೇ ಅಂಕಿಯ ಮೇಲೆ ಎಷ್ಟು ಭರವಸೆ?

ಸಕ್ಕರೆ ಕಾಯಿಲೆಯ ತಪಾಸಣೆ ಎಂದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ತಿಂಡಿ ತಿಂದ ಎರಡು ಗಂಟೆಯ ಬಳಿಕ ಮತ್ತೊಮ್ಮೆ ರಕ್ತ ಕೊಟ್ಟು ಬರುವುದು ಎಂಬ ಕಾಲವಿತ್ತು. ಆ ಪರೀಕ್ಷೆಗಳು ಈಗಲೂ ಇವೆ. ಆದರೆ ವೈದ್ಯರ ಮೇಜಿನ ಮೇಲೆ ಈಗ ಮೊದಲು ಹುಡುಕಲ್ಪಡುವುದು ಇನ್ನೊಂದು ಅಂಕಿ: ಎಚ್‌ಬಿಎ1ಸಿ. ಜನರ ಬಾಯಲ್ಲಿ ಇದು ‘ಮೂರು ತಿಂಗಳ ಶುಗರ್’. ಉದ್ಯೋಗ ಸಂಸ್ಥೆಗಳ ವಾರ್ಷಿಕ ತಪಾಸಣೆ, ಖಾಸಗಿ ಲ್ಯಾಬ್‌ಗಳ ‘ಪೂರ್ಣ ದೇಹ ತಪಾಸಣೆ’ಯ ಪ್ಯಾಕೇಜು, ಆರೋಗ್ಯ ವಿಮೆಗೆ ಮುನ್ನ ಕೇಳುವ ವರದಿ ಹೀಗೆ ಎಲ್ಲೆಡೆ ಇದು ಸೇರಿಕೊಂಡಿದೆ. ವರದಿಯಲ್ಲಿ 5.6 ಎಂದಿದ್ದರೆ ನಿರಾಳ, 5.8 ಎಂದಿದ್ದರೆ ಆತಂಕ, 6.5 ದಾಟಿದರೆ ಆಜೀವ ಔಷಧಿಯ ಚಿಂತೆ ಎಂಬಷ್ಟು ಈ ಅಂಕಿಗೆ ಅಧಿಕಾರ ಪ್ರಾಪ್ತವಾಗಿದೆ.

ಈ ಅಧಿಕಾರ ಸುಮ್ಮನೆ ಬಂದದ್ದಲ್ಲ. ಅದರ ಹಿಂದೆ ದಶಕಗಳ ಸಂಶೋಧನೆ ಇದೆ. ಆದರೆ ಆ ಸಂಶೋಧನೆಯ ಬಹುಪಾಲು ನಡೆದದ್ದು ರಕ್ತಹೀನತೆ ಅಪರೂಪವಾಗಿರುವ ದೇಶಗಳಲ್ಲಿ. ಮಹಿಳೆಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇರುವ ಭಾರತದಲ್ಲಿ ಅದೇ ಅಂಕಿಯನ್ನು ಅದೇ ಅರ್ಥದಲ್ಲಿ ಓದಬಹುದೇ ಎಂಬ ಪ್ರಶ್ನೆ ವೈದ್ಯಕೀಯ ವಲಯದಲ್ಲಿ ಹಲವು ವರ್ಷಗಳಿಂದ ಚರ್ಚೆಯಲ್ಲಿದೆ. ವರದಿ ಕೈಗೆ ಬರುವ ಸಾಮಾನ್ಯ ನಾಗರಿಕನಿಗೆ ಮಾತ್ರ ಆ ಚರ್ಚೆಯ ಸುಳಿವು ಸಿಗುವುದು ಕಡಿಮೆ.

ಸಮಸ್ಯೆಯ ಗಾತ್ರ ಚಿಕ್ಕದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ 2008ರಿಂದ 2020ರವರೆಗೆ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ‘ಇಂಡಿಯಾಬ್’ ಅಧ್ಯಯನದ ವರದಿ 2023ರಲ್ಲಿ ಪ್ರಕಟವಾಯಿತು. 1,13,043 ಮಂದಿಯನ್ನು ಒಳಗೊಂಡ ಈ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಇನ್ನೂ 13.6 ಕೋಟಿ ಮಂದಿ ಮಧುಮೇಹದ ಹೊಸ್ತಿಲಲ್ಲಿದ್ದಾರೆ. ಗೋವಾದಲ್ಲಿ ಮಧುಮೇಹಿಗಳ ಪ್ರಮಾಣ ಶೇ. 26.4 ಇದ್ದರೆ ಉತ್ತರ ಪ್ರದೇಶದಲ್ಲಿ ಶೇ. 4.8. ಗಮನಿಸಬೇಕಾದ ಸಂಗತಿಯೆಂದರೆ, ಈ ಬೃಹತ್ ಸಮೀಕ್ಷೆ ಮಧುಮೇಹವನ್ನು ಗುರುತಿಸಲು ಮುಖ್ಯವಾಗಿ ಬಳಸಿದ್ದು ಉಪವಾಸದ ರಕ್ತಪರೀಕ್ಷೆ ಹಾಗೂ ಗ್ಲುಕೋಸ್ ನೀರು ಕುಡಿಸಿ ಎರಡು ಗಂಟೆಯ ನಂತರ ಮಾಡುವ ಹಳೆಯ ಪರೀಕ್ಷೆಯನ್ನೇ.

ಅಂಕಿ ಅಳೆಯುವುದು ಏನನ್ನು?

ಎಚ್‌ಬಿಎ1ಸಿ ರಕ್ತದಲ್ಲಿನ ಸಕ್ಕರೆಯನ್ನು ನೇರವಾಗಿ ಅಳೆಯುವುದಿಲ್ಲ. ಕೆಂಪು ರಕ್ತಕಣಗಳ ಒಳಗಿರುವ ಹಿಮೊಗ್ಲೋಬಿನ್ ಎಂಬ ಪ್ರೋಟೀನಿಗೆ ರಕ್ತದಲ್ಲಿನ ಗ್ಲುಕೋಸ್ ನಿಧಾನವಾಗಿ ಅಂಟಿಕೊಳ್ಳುತ್ತದೆ. ಒಮ್ಮೆ ಗಟ್ಟಿಯಾಗಿ ಅಂಟಿದ ಸಕ್ಕರೆ ಆ ಕಣ ಸಾಯುವವರೆಗೂ ಬಿಡುವುದಿಲ್ಲ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಹೀಗಾಗಿ ಒಟ್ಟು ಹಿಮೊಗ್ಲೋಬಿನ್ನಿನಲ್ಲಿ ಶೇಕಡಾ ಎಷ್ಟು ಭಾಗಕ್ಕೆ ಸಕ್ಕರೆ ಅಂಟಿದೆ ಎಂದು ನೋಡಿದರೆ, ಕಳೆದ ಎರಡು ಮೂರು ತಿಂಗಳು ದೇಹದಲ್ಲಿ ಸಕ್ಕರೆ ಸರಾಸರಿ ಯಾವ ಮಟ್ಟದಲ್ಲಿತ್ತು ಎಂಬುದರ ಅಂದಾಜು ದೊರೆಯುತ್ತದೆ. ವರದಿಯ ‘7’ ಎಂದರೆ ರಕ್ತದಲ್ಲಿ ಶೇ. 7ರಷ್ಟು ಸಕ್ಕರೆ ಇದೆ ಎಂದು ಅರ್ಥವಲ್ಲ. ನೂರು ಪಾಲು ಹಿಮೊಗ್ಲೋಬಿನ್ನಿನಲ್ಲಿ ಏಳು ಪಾಲಿಗೆ ಸಕ್ಕರೆ ಅಂಟಿದೆ ಎಂದು ಅರ್ಥ.

ಮೂರು ತಿಂಗಳ ಲೆಕ್ಕ ಎನ್ನುವುದರಲ್ಲೂ ಒಂದು ಸೂಕ್ಷ್ಮವಿದೆ. ಎಲ್ಲ ದಿನಗಳಿಗೂ ಸಮಾನ ತೂಕವಿಲ್ಲ. ಅಂಕಿಯ ಸುಮಾರು ಅರ್ಧದಷ್ಟನ್ನು ನಿರ್ಧರಿಸುವುದು ಪರೀಕ್ಷೆಗೆ ಮುಂಚಿನ ಒಂದು ತಿಂಗಳು. ಅದಕ್ಕೂ ಹಿಂದಿನ ತಿಂಗಳ ಪಾಲು ಕಾಲು ಭಾಗ. ಉಳಿದ ಕಾಲು ಭಾಗ ಇನ್ನೂ ಹಳೆಯ ದಿನಗಳದ್ದು. ಮಾವಿನ ಹಣ್ಣಿನ ಕಾಲದಲ್ಲಿ ಬಾಯಿಗೆ ಕಡಿವಾಣ ಹಾಕದವರ ವರದಿ ಜೂನ್ ತಿಂಗಳಲ್ಲಿ ಏರಿರುವುದಕ್ಕೆ ಇದೇ ಕಾರಣ. ಪರೀಕ್ಷೆಗೆ ಮೂರು ದಿನ ಮುಂಚೆ ಸಿಹಿ ಬಿಟ್ಟು, ಎರಡು ಹೊತ್ತು ಮುದ್ದೆಗೆ ಇಳಿದು ವರದಿಯನ್ನು ‘ಚೆನ್ನಾಗಿ’ ಬರಿಸುವ ಹಳೆಯ ಜಾಣತನ ಇಲ್ಲಿ ನಡೆಯುವುದಿಲ್ಲ. ಉಪವಾಸವಿರಬೇಕಾಗಿಲ್ಲ, ದಿನದ ಯಾವ ಹೊತ್ತಿನಲ್ಲಾದರೂ ರಕ್ತ ಕೊಡಬಹುದು ಎಂಬುದು ಈ ಪರೀಕ್ಷೆಯ ಇನ್ನೊಂದು ಅನುಕೂಲ.

ಸಕ್ಕರೆ ಅಂಟಿದ ಈ ಹಿಮೊಗ್ಲೋಬಿನ್ ಮಧುಮೇಹಿಗಳಲ್ಲಿ ಹೆಚ್ಚಿರುತ್ತದೆ ಎಂಬುದನ್ನು 1960ರ ದಶಕದ ಕೊನೆಯಲ್ಲಿ ಗುರುತಿಸಿದವರು ಇರಾನಿನ ವಿಜ್ಞಾನಿ ಸ್ಯಾಮ್ಯುಯೆಲ್ ರಹಬರ್. ರೋಗಿಯ ಸಕ್ಕರೆ ನಿಯಂತ್ರಣವನ್ನು ತಿಳಿಯಲು ಇದನ್ನು ಬಳಸಬಹುದೆಂದು 1970ರ ದಶಕದ ಮಧ್ಯಭಾಗದಲ್ಲಿ ಸಂಶೋಧಕರು ತೋರಿಸಿಕೊಟ್ಟರು.

ಅಧಿಕಾರ ತಂದುಕೊಟ್ಟ ಎರಡು ಅಧ್ಯಯನಗಳು

ಪರೀಕ್ಷೆಗೆ ಇಂದಿನ ಸ್ಥಾನ ದೊರಕಿಸಿಕೊಟ್ಟದ್ದು ಎರಡು ದೊಡ್ಡ ಅಧ್ಯಯನಗಳು. ಅಮೆರಿಕ ಮತ್ತು ಕೆನಡಾಗಳಲ್ಲಿ 1,441 ಟೈಪ್-1 ಮಧುಮೇಹಿಗಳ ಮೇಲೆ ನಡೆದ ಡಿಸಿಸಿಟಿ ಅಧ್ಯಯನದ ಫಲಿತಾಂಶ 1993ರಲ್ಲಿ ಹೊರಬಂತು. ಎಚ್‌ಬಿಎ1ಸಿ ಸುಮಾರು 9ರಲ್ಲಿ ಉಳಿದವರಿಗೆ ಹೋಲಿಸಿದರೆ, ಕಟ್ಟುನಿಟ್ಟಿನ ಚಿಕಿತ್ಸೆಯಿಂದ ಅದನ್ನು ಸುಮಾರು 7ಕ್ಕೆ ಇಳಿಸಿಕೊಂಡವರಲ್ಲಿ ಅಕ್ಷಿಪಟಲದ ಹಾನಿ ಹೊಸದಾಗಿ ಕಾಣಿಸಿಕೊಳ್ಳುವ ಸಾಧ್ಯತೆ ಶೇ. 76ರಷ್ಟು ತಗ್ಗಿತ್ತು. ನರಗಳ ಹಾನಿ ಶೇ. 60ರಷ್ಟು ಕಡಿಮೆಯಾಗಿತ್ತು. ಬ್ರಿಟನ್ನಿನಲ್ಲಿ ಟೈಪ್-2 ಮಧುಮೇಹಿಗಳ ಮೇಲೆ ನಡೆದ ಯುಕೆಪಿಡಿಎಸ್ ಅಧ್ಯಯನದ ಫಲಿತಾಂಶ 1998ರಲ್ಲಿ ಬಂತು. ಅಲ್ಲಿ 7.9ರ ಬದಲು 7ರಲ್ಲಿ ಇದ್ದವರಿಗೆ ಕಣ್ಣು, ಮೂತ್ರಪಿಂಡಗಳಂಥ ಸೂಕ್ಷ್ಮ ರಕ್ತನಾಳಗಳ ತೊಂದರೆ ಶೇ. 25ರಷ್ಟು ಕಡಿಮೆಯಾಗಿತ್ತು. ಆರಂಭದ ವರ್ಷಗಳಲ್ಲಿ ಕಾಯ್ದುಕೊಂಡ ನಿಯಂತ್ರಣದ ಲಾಭ ಹತ್ತಾರು ವರ್ಷ ಮುಂದುವರಿಯುತ್ತದೆ ಎಂಬುದೂ ಮುಂದಿನ ಅನುಸರಣೆಯಲ್ಲಿ ಕಂಡುಬಂತು.

ಅಲ್ಲಿಯವರೆಗೆ ಇದು ಕಾಯಿಲೆ ಇರುವವರ ಮೇಲೆ ನಿಗಾ ಇಡುವ ಸಾಧನ ಮಾತ್ರ. ಕಾಯಿಲೆಯನ್ನು ಪತ್ತೆ ಮಾಡಲೂ ಇದನ್ನು ಬಳಸಬಹುದು ಎಂದು ಅಮೆರಿಕದ ಮಧುಮೇಹ ಸಂಘ 2010ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಪ್ಪಿದವು. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ ಎಂಬ ಗಡಿ ಆಗ ಸ್ಥಿರಗೊಂಡಿತು. 5.7ರಿಂದ 6.4ರವರೆಗಿನದು ಮಧುಮೇಹಪೂರ್ವ ಸ್ಥಿತಿ ಎಂಬುದು ಅಮೆರಿಕದ ಸಂಘದ ವರ್ಗೀಕರಣ. ಭಾರತದ ಬಹುತೇಕ ಲ್ಯಾಬ್‌ಗಳು ವರದಿಯ ಅಡಿಯಲ್ಲಿ ಅಚ್ಚು ಹಾಕುವುದು ಇದನ್ನೇ.

ಇಲ್ಲೊಂದು ಷರತ್ತನ್ನು ಎಲ್ಲರೂ ಮರೆಯುತ್ತಾರೆ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವಂಥ ಲಕ್ಷಣಗಳಿಲ್ಲದ ವ್ಯಕ್ತಿಯಲ್ಲಿ ಒಂದೇ ಒಂದು ವರದಿಯ ಆಧಾರದ ಮೇಲೆ ಮಧುಮೇಹವನ್ನು ನಿರ್ಧರಿಸುವಂತಿಲ್ಲ. ಮತ್ತೊಂದು ಪರೀಕ್ಷೆಯೂ ಅದನ್ನು ಖಚಿತಪಡಿಸಬೇಕು. ಉಪವಾಸದ ಸಕ್ಕರೆ ಡೆಸಿಲೀಟರ್‌ಗೆ 126 ಮಿಲಿಗ್ರಾಂ ಅಥವಾ ಹೆಚ್ಚು, ಇಲ್ಲವೇ 75 ಗ್ರಾಂ ಗ್ಲುಕೋಸ್ ಕುಡಿದ ಎರಡು ಗಂಟೆಯ ನಂತರ 200 ಅಥವಾ ಹೆಚ್ಚು ಎಂಬುದು ಆ ಇತರ ಪರೀಕ್ಷೆಗಳ ಗಡಿ. 6.5ರ ಎಚ್‌ಬಿಎ1ಸಿ ಮತ್ತು 130ರ ಉಪವಾಸದ ಸಕ್ಕರೆ ಒಟ್ಟಿಗೆ ಬಂದರೆ ಸಂಶಯಕ್ಕೆ ಎಡೆ ಕಡಿಮೆ. ಒಂದು ಏರಿ ಇನ್ನೊಂದು ಸಾಮಾನ್ಯವಾಗಿದ್ದರೆ ಕಾರಣ ಹುಡುಕಬೇಕಾಗುತ್ತದೆ. ಭಾರತದಲ್ಲಿ ಆ ಕಾರಣ ಹಲವು ಬಾರಿ ಸಕ್ಕರೆಯಲ್ಲಿರುವುದಿಲ್ಲ, ರಕ್ತದಲ್ಲಿರುತ್ತದೆ.

ರಕ್ತಹೀನತೆ ಎಂಬ ಅಡ್ಡಗಾಲು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019-21) ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು ಶೇ. 48. ಬಹುಪಾಲು ಪ್ರಕರಣಗಳ ಹಿಂದಿರುವುದು ಕಬ್ಬಿಣಾಂಶದ ಕೊರತೆ.

ಕಬ್ಬಿಣಾಂಶ ಕೊರತೆಯಾದಾಗ ಹೊಸ ಕೆಂಪು ಕಣಗಳ ಉತ್ಪಾದನೆ ನಿಧಾನವಾಗುತ್ತದೆ. ರಕ್ತದಲ್ಲಿ ಹಳೆಯ ಕಣಗಳ ಪಾಲು ಹೆಚ್ಚುತ್ತದೆ. ಹಳೆಯ ಕಣಗಳು ಹೆಚ್ಚು ದಿನ ಸಕ್ಕರೆಯ ಸಂಪರ್ಕದಲ್ಲಿದ್ದುದರಿಂದ ಅವುಗಳಿಗೆ ಅಂಟಿದ ಸಕ್ಕರೆಯೂ ಹೆಚ್ಚು. ಪರಿಣಾಮವಾಗಿ, ರಕ್ತದ ಸಕ್ಕರೆ ಏರದಿದ್ದರೂ ಎಚ್‌ಬಿಎ1ಸಿ ಏರಿದಂತೆ ಕಾಣಬಹುದು. ಕಬ್ಬಿಣಾಂಶದ ಮಾತ್ರೆ ಸೇವಿಸಿ ಕೊರತೆ ನೀಗಿದಾಗ ಹೊಸ ಕಣಗಳು ಬಂದು ಅದೇ ಅಂಕಿ ಕೆಳಗಿಳಿಯುತ್ತದೆ. ಆಹಾರವೂ ಬದಲಾಗಿಲ್ಲ, ಸಕ್ಕರೆ ಔಷಧಿಯೂ ಇಲ್ಲ. ಆದರೂ ‘ಮಧುಮೇಹಪೂರ್ವ ಸ್ಥಿತಿ’ ಮಾಯವಾಗಿರುತ್ತದೆ.

ಇದು ಬರಿಯ ಊಹೆಯಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಮಧುಮೇಹ ಸಂಶೋಧಕ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಅಂತರವನ್ನು ಅಂಕಿಗಳಲ್ಲಿ ತೋರಿಸಿತು. ಇಪ್ಪತ್ತರ ಆಸುಪಾಸಿನ 116 ಮಂದಿ ಯುವಜನರನ್ನು ಗ್ಲುಕೋಸ್ ಕುಡಿಸಿ ಪರೀಕ್ಷಿಸಿದಾಗ ಮಧುಮೇಹಪೂರ್ವ ಸ್ಥಿತಿ ಕಂಡುಬಂದದ್ದು ಶೇ. 8ರಷ್ಟು ಮಂದಿಯಲ್ಲಿ. ಅದೇ ಯುವಜನರ ಎಚ್‌ಬಿಎ1ಸಿ ನೋಡಿದಾಗ ಆ ಪ್ರಮಾಣ ಶೇ. 23ಕ್ಕೆ ಏರಿತು. ಅವರಲ್ಲಿ ಮೂರನೆಯ ಒಂದು ಭಾಗದಷ್ಟು ಮಂದಿಗೆ ರಕ್ತಹೀನತೆ ಅಥವಾ ಕಬ್ಬಿಣಾಂಶದ ಕೊರತೆ ಇತ್ತು. ಅಧ್ಯಯನ ಚಿಕ್ಕದಾದರೂ ಅದು ಎತ್ತಿದ ಪ್ರಶ್ನೆ ಚಿಕ್ಕದಲ್ಲ. ಮದುವೆಯ ವಯಸ್ಸಿನ ಯುವತಿಯೊಬ್ಬಳ ವರದಿಯಲ್ಲಿ 5.9 ಎಂದು ಅಚ್ಚಾದರೆ ಅದರ ಪರಿಣಾಮ ಕೇವಲ ವೈದ್ಯಕೀಯವಾಗಿ ಉಳಿಯುವುದಿಲ್ಲ. ಉದ್ಯೋಗ, ವಿಮೆಯ ಕಂತು, ಮನೆಯವರ ಮಾತು ಎಲ್ಲವೂ ಅದರ ಹಿಂದೆ ಬರುತ್ತವೆ. ಆಕೆಗೆ ನಿಜವಾಗಿ ಬೇಕಾಗಿದ್ದ ಚಿಕಿತ್ಸೆ ರಕ್ತಹೀನತೆಯದ್ದಾಗಿರಬಹುದು.

ವಿಟಮಿನ್ ಬಿ12 ಕೊರತೆಯಿಂದ ಬರುವ ರಕ್ತಹೀನತೆಯೂ ಅಂಕಿಯನ್ನು ಮೇಲಕ್ಕೆ ತಳ್ಳಬಲ್ಲದು. ಶುದ್ಧ ಸಸ್ಯಾಹಾರಿಗಳಲ್ಲಿ ಈ ಕೊರತೆ ಸಾಮಾನ್ಯ. ಮಧುಮೇಹಕ್ಕೆ ಮೊದಲು ಬರೆಯಲಾಗುವ ಮೆಟ್‌ಫಾರ್ಮಿನ್ ಮಾತ್ರೆಯ ದೀರ್ಘಕಾಲದ ಸೇವನೆಯೂ ಬಿ12 ಪ್ರಮಾಣವನ್ನು ತಗ್ಗಿಸುತ್ತದೆ. ಔಷಧಿ ಸರಿಯಾಗಿ ನುಂಗುತ್ತಿದ್ದರೂ ಅಂಕಿ ಇಳಿಯದಿದ್ದಾಗ ಮಾತ್ರೆಯ ಪ್ರಮಾಣ ಹೆಚ್ಚಿಸುವ ಮೊದಲು ರಕ್ತವನ್ನು ಸಮಗ್ರವಾಗಿ ಪರೀಕ್ಷಿಸುವುದು ಸೂಕ್ತ ಎನ್ನುವುದಕ್ಕೆ ಇದೂ ಒಂದು ಕಾರಣ.

ಅಂಕಿ ಸುಳ್ಳು ಸಮಾಧಾನ ಕೊಡುವಾಗ

ಇದಕ್ಕಿಂತ ಅಪಾಯಕಾರಿಯಾದದ್ದು ತದ್ವಿರುದ್ಧ ಸ್ಥಿತಿ. ಕೆಂಪು ಕಣಗಳು ಅವಧಿಗೆ ಮುನ್ನವೇ ಸಾಯುತ್ತಿದ್ದರೆ ಅವುಗಳಿಗೆ ಸಕ್ಕರೆ ಅಂಟಲು ಕಾಲಾವಕಾಶವೇ ಇರುವುದಿಲ್ಲ. ಆಗ ರಕ್ತದಲ್ಲಿ ಸಕ್ಕರೆ ಎಷ್ಟೇ ಏರಿದ್ದರೂ ವರದಿ ‘ಎಲ್ಲವೂ ಸರಿ’ ಎನ್ನುತ್ತದೆ. ಕಣ್ಣು, ಮೂತ್ರಪಿಂಡ, ಪಾದಗಳ ಹಾನಿ ಸದ್ದಿಲ್ಲದೆ ಮುಂದುವರಿಯುತ್ತದೆ.

ಸಿಕಲ್ ಸೆಲ್ ಕಾಯಿಲೆ ಇದಕ್ಕೆ ಸ್ಪಷ್ಟ ಉದಾಹರಣೆ. ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಸೋಲಿಗ, ಜೇನುಕುರುಬ ಮೊದಲಾದ ಬುಡಕಟ್ಟು ಸಮುದಾಯಗಳಲ್ಲಿ ಈ ಆನುವಂಶಿಕ ತೊಂದರೆ ಇದೆ. 2023ರ ಜುಲೈನಲ್ಲಿ ಮಧ್ಯಪ್ರದೇಶದ ಶಾಹ್ಡೋಲ್‌ನಲ್ಲಿ ಚಾಲನೆ ಪಡೆದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ ವ್ಯಾಪ್ತಿಗೆ ಸೇರಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸಿಕಲ್ ಸೆಲ್ ಕಾಯಿಲೆ ಇರುವವರಲ್ಲಿ ಕಣಗಳ ಆಯುಷ್ಯವೇ ಮೊಟಕಾಗಿರುವುದರಿಂದ ಯಾವ ಯಂತ್ರದಲ್ಲಿ ಪರೀಕ್ಷಿಸಿದರೂ ಎಚ್‌ಬಿಎ1ಸಿಯನ್ನು ನಂಬುವಂತಿಲ್ಲ. ಒಂದು ಜೀನ್ ಮಾತ್ರ ಹೊತ್ತ, ರೋಗಲಕ್ಷಣವಿಲ್ಲದ ವಾಹಕರಲ್ಲಿ ಫಲಿತಾಂಶ ಎಷ್ಟು ಸರಿ ಎಂಬುದು ಲ್ಯಾಬ್ ಬಳಸುವ ವಿಧಾನವನ್ನು ಅವಲಂಬಿಸಿದೆ. ಥಲಸ್ಸೀಮಿಯಾ ಹಾಗೂ ಈಶಾನ್ಯ ರಾಜ್ಯಗಳಲ್ಲಿ ವ್ಯಾಪಕವಾಗಿರುವ ಹಿಮೊಗ್ಲೋಬಿನ್ ‘ಇ’ಯಂಥ ಭಿನ್ನ ರೂಪಗಳೂ ಫಲಿತಾಂಶವನ್ನು ಏರುಪೇರು ಮಾಡಬಲ್ಲವು. ಉದ್ಯೋಗ ಅರಸಿ ಬೆಂಗಳೂರಿಗೆ ಬಂದಿರುವ ಈಶಾನ್ಯದ ಯುವಜನರ ಸಂಖ್ಯೆಯನ್ನು ನೆನೆದರೆ ಇದು ದೂರದ ವಿಷಯವಲ್ಲ.

ಇತ್ತೀಚೆಗೆ ಹೆಚ್ಚು ರಕ್ತಸ್ರಾವವಾದವರು, ರಕ್ತ ಪಡೆದವರು, ಮಲೇರಿಯಾದಿಂದ ಚೇತರಿಸಿಕೊಂಡವರು, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು, ಮೂತ್ರಪಿಂಡ ವೈಫಲ್ಯಕ್ಕೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾ ರಕ್ತ ಹೆಚ್ಚಿಸುವ ಚುಚ್ಚುಮದ್ದು ಪಡೆಯುತ್ತಿರುವವರು ಹೀಗೆ ಅಂಕಿಯನ್ನು ಎಚ್ಚರದಿಂದ ಓದಬೇಕಾದವರ ಪಟ್ಟಿ ಉದ್ದವಿದೆ. ದೀರ್ಘಕಾಲದ ಮಧುಮೇಹವೇ ಮೂತ್ರಪಿಂಡವನ್ನು ಕೆಡಿಸುವ ಮುಖ್ಯ ಕಾರಣಗಳಲ್ಲಿ ಒಂದು. ಅಂದರೆ ಕಾಯಿಲೆ ಉಲ್ಬಣಿಸಿ, ನಿಖರವಾದ ಅಳತೆ ಅತಿ ಅಗತ್ಯವಾಗುವ ಹಂತದಲ್ಲೇ ಈ ಪರೀಕ್ಷೆ ದುರ್ಬಲವಾಗುತ್ತದೆ.

ಗರ್ಭಿಣಿಯರ ವಿಚಾರ ಬೇರೆಯೇ. ಗರ್ಭಾವಸ್ಥೆಯಲ್ಲಿ ಕೆಂಪು ಕಣಗಳ ಹುಟ್ಟು ಸಾವು ವೇಗಗೊಳ್ಳುತ್ತದೆ. ಜತೆಗೆ ಕಬ್ಬಿಣಾಂಶದ ಕೊರತೆಯೂ ಸಾಮಾನ್ಯ. ಆದುದರಿಂದ ಗರ್ಭಾವಸ್ಥೆಯ ಮಧುಮೇಹವನ್ನು ಪತ್ತೆಹಚ್ಚಲು ಎಚ್‌ಬಿಎ1ಸಿಯನ್ನು ಬಳಸುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಂತೆ ಗರ್ಭಿಣಿಗೆ 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸಲಾಗುತ್ತದೆ. ಫಲಿತಾಂಶ 140 ಅಥವಾ ಹೆಚ್ಚಿದ್ದರೆ ಚಿಕಿತ್ಸೆ ಆರಂಭ. ‘ಮೂರು ತಿಂಗಳ ಶುಗರ್ ಚೆನ್ನಾಗಿದೆ’ ಎಂದು ಈ ಪರೀಕ್ಷೆಯನ್ನು ತಪ್ಪಿಸಿಕೊಳ್ಳುವುದು ತಾಯಿ ಮಗು ಇಬ್ಬರಿಗೂ ಅಪಾಯ ತರಬಹುದು.

ಸರಾಸರಿಯ ಮರೆಯಲ್ಲಿ

ಹಲವು ಲ್ಯಾಬ್ ವರದಿಗಳಲ್ಲಿ ಎಚ್‌ಬಿಎ1ಸಿ ಪಕ್ಕದಲ್ಲೇ ‘ಅಂದಾಜು ಸರಾಸರಿ ಗ್ಲುಕೋಸ್’ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. 6 ಎಂದರೆ 126, 7 ಎಂದರೆ 154, 8 ಎಂದರೆ 183, 9 ಎಂದರೆ 212. ಇದು ರಕ್ತದಲ್ಲಿ ಅಳೆದು ಕಂಡುಕೊಂಡದ್ದಲ್ಲ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಿಂದ ಪಡೆದ ಸೂತ್ರದ ಲೆಕ್ಕ. ಆ ಲೆಕ್ಕಾಚಾರಕ್ಕೆ ಆಧಾರವಾದದ್ದು 507 ಮಂದಿಯ ಮಾಹಿತಿ. ಅದೇ ಅಧ್ಯಯನದ ಪ್ರಕಾರ, 7 ಎಂಬ ಒಂದೇ ಫಲಿತಾಂಶ ಬಂದವರ ನಿಜವಾದ ಸರಾಸರಿ ಒಬ್ಬರಲ್ಲಿ 123ರಷ್ಟು ಕಡಿಮೆ, ಇನ್ನೊಬ್ಬರಲ್ಲಿ 185ರಷ್ಟು ಹೆಚ್ಚು ಇರಬಹುದು. ವರದಿಯಲ್ಲಿ ಅಚ್ಚಾಗುವ 154 ಮಧ್ಯದ ಅಂಕಿ ಮಾತ್ರ. ಮನೆಯ ಗ್ಲುಕೋಮೀಟರ್ ತೋರಿಸಿದ ಸಂಖ್ಯೆಗೂ ಇದಕ್ಕೂ ತಾಳೆಯಾಗದೆ ‘ಯಂತ್ರ ಕೆಟ್ಟಿದೆ’ ಎಂದು ಮೂಲೆಗೆಸೆಯುವವರು ಇದನ್ನು ತಿಳಿದಿರಬೇಕು.

ಸರಾಸರಿಗೆ ಇನ್ನೊಂದು ಮಿತಿಯಿದೆ. ದಿನವಿಡೀ 140ರಿಂದ 170ರ ನಡುವೆ ಇರುವ ವ್ಯಕ್ತಿ, ಬೆಳಗಿನ ಜಾವ 60ಕ್ಕೆ ಕುಸಿದು ಊಟದ ನಂತರ 280ಕ್ಕೆ ಏರುವ ವ್ಯಕ್ತಿ ಇಬ್ಬರಿಗೂ ವರದಿ 7 ಎಂದೇ ಬರಬಹುದು. ಎರಡನೆಯವರು ನಿದ್ದೆಯಲ್ಲೇ ಪ್ರಜ್ಞೆ ತಪ್ಪುವ ಅಪಾಯದಲ್ಲಿರುತ್ತಾರೆ. ಇನ್‌ಸುಲಿನ್ ಅಥವಾ ಸಕ್ಕರೆಯನ್ನು ವೇಗವಾಗಿ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಈ ಏರಿಳಿತವೇ ಮುಖ್ಯ ಪ್ರಶ್ನೆ. ಅದನ್ನು ಹಿಡಿಯಬಲ್ಲದ್ದು ಮನೆಯಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಮಾಡುವ ಪರೀಕ್ಷೆ ಅಥವಾ ತೋಳಿಗೆ ಅಂಟಿಸಿಕೊಂಡು ಎರಡು ವಾರದವರೆಗೆ ಸಕ್ಕರೆ ದಾಖಲಿಸುವ ಸಂವೇದಕ. ದಿನದ ಶೇ. 70ಕ್ಕಿಂತ ಹೆಚ್ಚು ಹೊತ್ತು ಸಕ್ಕರೆ 70ರಿಂದ 180ರ ನಡುವೆ ಇರಬೇಕು ಎಂಬ ಗುರಿಯನ್ನು ಅಂತಾರಾಷ್ಟ್ರೀಯ ತಜ್ಞರು 2019ರಲ್ಲಿ ಒಪ್ಪಿಕೊಂಡರು. ಆದರೆ ಸಂವೇದಕದ ಬೆಲೆ ಮಧ್ಯಮವರ್ಗಕ್ಕೂ ಭಾರವೇ.

ಕಡಿಮೆಯಾದಷ್ಟೂ ಒಳ್ಳೆಯದೇ?

7 ಒಳ್ಳೆಯದಾದರೆ 6 ಇನ್ನೂ ಒಳ್ಳೆಯದಲ್ಲವೇ ಎಂಬುದು ಸಹಜ ತರ್ಕ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಅಕಾರ್ಡ್ ಎಂಬ ಅಧ್ಯಯನ ಈ ತರ್ಕವನ್ನು ಪರೀಕ್ಷೆಗೆ ಒಡ್ಡಿತು. ಹೃದ್ರೋಗದ ಅಪಾಯ ಹೆಚ್ಚಿದ್ದ 10,251 ಟೈಪ್-2 ಮಧುಮೇಹಿಗಳಲ್ಲಿ ಒಂದು ಗುಂಪಿಗೆ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗಿಳಿಸುವ ಗುರಿ ನೀಡಲಾಗಿತ್ತು. ಆ ಗುಂಪಿನಲ್ಲಿ ಸಾವುಗಳು ಹೆಚ್ಚಿದ್ದುದರಿಂದ 2008ರ ಫೆಬ್ರುವರಿಯಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಲಾಯಿತು.

ಆ ನಂತರ ‘ಎಲ್ಲರಿಗೂ ಒಂದೇ ಗುರಿ’ ಎಂಬ ನಿಲುವು ಸಡಿಲಗೊಂಡಿದೆ. ಬಹುತೇಕ ವಯಸ್ಕರಿಗೆ 7ಕ್ಕಿಂತ ಕೆಳಗೆ ಎಂಬುದು ಸಾಮಾನ್ಯ ಗುರಿ. ಹೊಸದಾಗಿ ಕಾಯಿಲೆ ಪತ್ತೆಯಾದ, ಬೇರೆ ತೊಂದರೆಗಳಿಲ್ಲದ ನಲವತ್ತರ ಆಸುಪಾಸಿನವರು ಅದಕ್ಕಿಂತ ಕೆಳಗಿರಲು ಯತ್ನಿಸಬಹುದು. ಎಂಬತ್ತರ ಹರೆಯದ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿರುವ, ಒಂಟಿಯಾಗಿ ಬದುಕುವ ವೃದ್ಧರಿಗೆ 8ರ ಆಸುಪಾಸು ಕೂಡ ಒಪ್ಪಿತವೇ. ಅಂಥವರಲ್ಲಿ ಸಕ್ಕರೆ ಕುಸಿದು ಬಿದ್ದು ಸೊಂಟದ ಮೂಳೆ ಮುರಿಯುವ ಅಪಾಯ, ಅಂಕಿ ಒಂದಿಷ್ಟು ಹೆಚ್ಚಿರುವ ಅಪಾಯಕ್ಕಿಂತ ದೊಡ್ಡದು. ಲ್ಯಾಬ್ ವರದಿಯ ಕೆಂಪು ಅಕ್ಷರಕ್ಕೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ. ತಂದೆತಾಯಿಯ ವರದಿಯನ್ನು ಮೊಬೈಲ್‌ನಲ್ಲಿ ನೋಡಿ ದೂರದ ಊರಿನಿಂದ ಗಾಬರಿಗೊಳ್ಳುವ ಮಕ್ಕಳಿಗೂ ಇದು ತಿಳಿದಿರುವುದು ಒಳ್ಳೆಯದು.

ತಪಾಸಣೆಯ ಸುಗ್ಗಿ ಮತ್ತು ಹೊಣೆಗಾರಿಕೆ

75 ದಶಲಕ್ಷ ರಕ್ತದೊತ್ತಡ ಮತ್ತು ಮಧುಮೇಹ ರೋಗಿಗಳನ್ನು 2025ರೊಳಗೆ ಚಿಕಿತ್ಸೆಯ ವ್ಯಾಪ್ತಿಗೆ ತರುವ ಗುರಿಯನ್ನು ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿತ್ತು. ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ‘ಗೃಹ ಆರೋಗ್ಯ’ ಯೋಜನೆ ಆರಂಭಿಸಿ 2025ರಲ್ಲಿ ಇತರ ಜಿಲ್ಲೆಗಳಿಗೆ ವಿಸ್ತರಿಸಿತು. ಮನೆ ಬಾಗಿಲಲ್ಲೇ ಸಕ್ಕರೆ, ರಕ್ತದೊತ್ತಡ ಪರೀಕ್ಷಿಸುವ ಈ ಯೋಜನೆಗಳು, ಕಾಯಿಲೆ ಇದ್ದೂ ಅರಿವಿಲ್ಲದವರನ್ನು ತಲುಪುವ ದೃಷ್ಟಿಯಿಂದ ಸ್ವಾಗತಾರ್ಹ. ಆದರೆ ತಪಾಸಣೆ ಹೆಚ್ಚಿದಂತೆ ಗಡಿರೇಖೆಯ ಫಲಿತಾಂಶಗಳೂ ಹೆಚ್ಚುತ್ತವೆ. ಅವನ್ನು ಅರ್ಥೈಸುವ ವ್ಯವಸ್ಥೆ ಜತೆಗೇ ಬೆಳೆಯದಿದ್ದರೆ ಅನಗತ್ಯ ಔಷಧಿ ಒಂದೆಡೆ, ತಪ್ಪಿಹೋದ ರೋಗ ಇನ್ನೊಂದೆಡೆ ಎಂಬಂತಾಗುತ್ತದೆ.

ಲ್ಯಾಬ್‌ಗಳ ಗುಣಮಟ್ಟ ಇನ್ನೊಂದು ಸಂಗತಿ. ಎಚ್‌ಪಿಎಲ್‌ಸಿ, ಇಮ್ಯುನೊಅಸ್ಸೇ, ಬೆರಳು ಚುಚ್ಚಿ ಕೂಡಲೇ ಫಲಿತಾಂಶ ಕೊಡುವ ಪುಟ್ಟ ಯಂತ್ರ ಹೀಗೆ ಹಲವು ವಿಧಾನಗಳು ಬಳಕೆಯಲ್ಲಿವೆ. ಇವುಗಳ ಫಲಿತಾಂಶ ಒಂದಕ್ಕೊಂದು ಹೊಂದಬೇಕೆಂದೇ ಎನ್‌ಜಿಎಸ್‌ಪಿ ಎಂಬ ಪ್ರಮಾಣೀಕರಣ ವ್ಯವಸ್ಥೆ 1996ರಿಂದ ಅಂತಾರಾಷ್ಟ್ರೀಯವಾಗಿ ಜಾರಿಯಲ್ಲಿದೆ. ಪ್ರಮಾಣೀಕೃತ ಯಂತ್ರದಲ್ಲೂ ಸಣ್ಣ ಅಂತರ ಸಹಜ. ಒಂದು ಲ್ಯಾಬ್‌ನ 6.4 ಮತ್ತೊಂದರಲ್ಲಿ 6.6 ಆಗುವುದು ಅಚ್ಚರಿಯಲ್ಲ. ಆದರೆ ಆ ಎರಡು ದಶಾಂಶದ ನಡುವೆಯೇ ‘ರೋಗಿ’ ಮತ್ತು ‘ರೋಗಿಯಲ್ಲ’ ಎಂಬ ಗೆರೆ ಹಾದುಹೋಗಿದೆ. ಮಾನ್ಯತೆ ಪಡೆದ ಒಂದೇ ಲ್ಯಾಬ್‌ನಲ್ಲಿ, ಒಂದೇ ವಿಧಾನದಲ್ಲಿ ಪ್ರತಿ ಬಾರಿ ಪರೀಕ್ಷಿಸಿಕೊಳ್ಳಬೇಕೆಂದು ತಜ್ಞರು ಹೇಳುವುದು ಇದಕ್ಕಾಗಿ. ಪರೀಕ್ಷಾ ವಿಧಾನವನ್ನು ವರದಿಯಲ್ಲಿ ನಮೂದಿಸುವುದನ್ನು, ಎಚ್‌ಬಿಎ1ಸಿ ಒಳಗೊಂಡ ಪ್ರತಿ ಪ್ಯಾಕೇಜಿನಲ್ಲಿ ಹಿಮೊಗ್ಲೋಬಿನ್ ಸಹಿತ ಪೂರ್ಣ ರಕ್ತ ಎಣಿಕೆಯನ್ನು ಸೇರಿಸುವುದನ್ನು ನಿಯಮವಾಗಿಸಿದರೆ ತಪ್ಪು ಓದಿನ ದೊಡ್ಡ ಭಾಗ ತಪ್ಪುತ್ತದೆ. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಾಗಿಲ್ಲ.

ವರದಿ ಕೈಗೆ ಬಂದಾಗ

ವರದಿ ಪಡೆದವರು ವೈದ್ಯರ ಮುಂದೆ ಇಡಬೇಕಾದ ಪ್ರಶ್ನೆಗಳು ಸರಳವಾಗಿವೆ. ಹಿಮೊಗ್ಲೋಬಿನ್ ಪ್ರಮಾಣ ಸರಿಯಿದೆಯೇ? ಉಪವಾಸದ ಹಾಗೂ ಊಟದ ನಂತರದ ಸಕ್ಕರೆಗೂ ಈ ಅಂಕಿಗೂ ಹೊಂದಾಣಿಕೆಯಿದೆಯೇ? ಕಳೆದ ಮೂರು ತಿಂಗಳಲ್ಲಿ ರಕ್ತಸ್ರಾವ, ರಕ್ತದಾನ, ಕಬ್ಬಿಣಾಂಶದ ಚಿಕಿತ್ಸೆ ಏನಾದರೂ ಆಗಿದೆಯೇ? ಕುಟುಂಬದಲ್ಲಿ ಆನುವಂಶಿಕ ರಕ್ತದ ಕಾಯಿಲೆ ಇದೆಯೇ? ತಮ್ಮ ವಯಸ್ಸು, ಇತರ ಕಾಯಿಲೆಗಳಿಗೆ ತಕ್ಕ ಗುರಿ ಯಾವುದು? ಅಂಕಿಗಳು ಪರಸ್ಪರ ಹೊಂದದಿದ್ದಾಗ ಗ್ಲುಕೋಸ್ ಕುಡಿದು ಮಾಡಿಸುವ ಪರೀಕ್ಷೆಯಿದೆ. ಎರಡು ಮೂರು ವಾರಗಳ ಸರಾಸರಿ ತಿಳಿಸುವ ಫ್ರಕ್ಟೋಸಮೈನ್ ಪರೀಕ್ಷೆಯೂ ಇದೆ. ಅದು ಕೆಂಪು ಕಣಗಳನ್ನು ಅವಲಂಬಿಸಿಲ್ಲ.

ನಿಯಂತ್ರಣ ಚೆನ್ನಾಗಿರುವ ಮಧುಮೇಹಿಗಳಿಗೆ ವರ್ಷಕ್ಕೆ ಎರಡು ಬಾರಿ, ಚಿಕಿತ್ಸೆ ಬದಲಾದವರಿಗೆ ಅಥವಾ ಗುರಿ ತಲುಪದವರಿಗೆ ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಸಾಕು. ತಿಂಗಳಿಗೊಮ್ಮೆ ಮಾಡಿಸುವುದರಿಂದ ಹಣ ಖರ್ಚಾಗುವುದೇ ಹೊರತು ಹೆಚ್ಚಿನ ಮಾಹಿತಿ ಸಿಗುವುದಿಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟಲ, ಮೂತ್ರದಲ್ಲಿನ ಪ್ರೋಟೀನ್, ಪಾದಗಳ ಸ್ಪರ್ಶಜ್ಞಾನದ ಪರೀಕ್ಷೆ ಮಾಡಿಸದೆ ಕೇವಲ ಈ ಅಂಕಿಯನ್ನು ಹಿಡಿದು ಕೂರುವುದೂ ಸಲ್ಲದು.

ಈ ಮಿತಿಗಳನ್ನು ಮುಂದಿಟ್ಟು ಪರೀಕ್ಷೆಯನ್ನೇ ತಳ್ಳಿಹಾಕುವುದು ಇನ್ನೊಂದು ತಪ್ಪಾಗುತ್ತದೆ. 9 ಅಥವಾ 10 ಎಂಬ ಫಲಿತಾಂಶ ಬಂದವರು ‘ನನಗೆ ರಕ್ತ ಕಡಿಮೆ, ಅದಕ್ಕೇ ಹೀಗೆ’ ಎಂದುಕೊಂಡು ಔಷಧಿ ಬಿಡುವಂತಿಲ್ಲ. ರಕ್ತಹೀನತೆಯಿಂದಾಗುವ ಏರುಪೇರು ಮುಖ್ಯವಾಗಿ ಕಾಡುವುದು ಗಡಿರೇಖೆಯ ಆಸುಪಾಸಿನಲ್ಲಿ. ಅಷ್ಟು ದೊಡ್ಡ ಏರಿಕೆಯನ್ನು ಅದೊಂದೇ ವಿವರಿಸಲಾರದು. ಕೋಟ್ಯಂತರ ಮಂದಿಯ ಕಣ್ಣು, ಕಾಲು, ಮೂತ್ರಪಿಂಡ ಉಳಿಸಿದ ಕೀರ್ತಿಯಲ್ಲಿ ಈ ಪರೀಕ್ಷೆಗೆ ದೊಡ್ಡ ಪಾಲಿದೆ. ಭಾರತದಂಥ ದೇಶದಲ್ಲಿ ಆ ಪಾಲು ಮುಂದುವರಿಯಬೇಕಾದರೆ ಸಕ್ಕರೆಯ ವರದಿಯ ಪಕ್ಕದಲ್ಲಿ ರಕ್ತದ ವರದಿಯನ್ನೂ ಇಟ್ಟು ಓದುವ ಪರಿಪಾಠ ಸಣ್ಣ ಊರಿನ ಕ್ಲಿನಿಕ್‌ನಿಂದ ಮಹಾನಗರದ ಆಸ್ಪತ್ರೆಯವರೆಗೆ ಬೆಳೆಯಬೇಕಾಗಿದೆ.